ಪಟ್ಟಿಯ ಅಳತೆ

ಔಷಧಿ ಹೊಡೆಯುವ ಪಂಪು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಗೂಟಕ್ಕೆ ನೇತಾಡುತ್ತಿತ್ತು. ಬೆಳಗಿನ ಅರೆಬೆಳಕಿನಲ್ಲಿ ಅದು ಗೋಡೆಗೆ ಮುಖ ಮಾಡಿ ನಿಂತ ಮನುಷ್ಯನ ಬೆನ್ನಿನಂತೆ ಕಾಣುತ್ತಿತ್ತು. ಅದರ ಎರಡೂ ಪಟ್ಟಿಗಳು ನನ್ನ ಗಂಡನ ಹೆಗಲಿನ ಅಳತೆಗಿದ್ದವು. ಅವನು ಎತ್ತರದ ಆಳು. ಪಟ್ಟಿಯ ಕೊನೆಯ ತೂತೂ ಸಾಲದೆ, ಮೊಳೆ ಕಾಯಿಸಿ ಇನ್ನೊಂದು ತೂತು ಕೊರೆದಿದ್ದ.

ಅವನು ಹೋದದ್ದು ರಸ್ತೆಯ ತಿರುವಿನಲ್ಲಿ, ಬಸ್ಸಿನಡಿ. ಆಮೇಲೆ ನನಗೆ ಬಿಸಿ ಯಾವುದು, ತಂಪು ಯಾವುದು ಗೊತ್ತಾಗುತ್ತಿರಲಿಲ್ಲ. ಅತ್ತೆ ಬಿಸಿ ಲೋಟ ಕೊಟ್ಟರೆ ಹಿಡಿದೇ ನಿಂತಿರುತ್ತಿದ್ದೆ. ಅವರೇ ಬಂದು ಬೆರಳು ಬಿಡಿಸಿ ತೆಗೆದುಕೊಳ್ಳುತ್ತಿದ್ದರು. ನಾನು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದವಳು. ಬೇರಿನ ತುದಿಯ ಚಿತ್ರ ಕಣ್ಣು ಮುಚ್ಚಿ ಬರೆಯಬಲ್ಲೆ. ಇದಕ್ಕೇನು ಹೆಸರೋ ತಿಳಿಯಲಿಲ್ಲ.

ಆ ವರ್ಷ ಹುರುಳಿಕಾಯಿ ಹೂ ಬಿಡುವ ಹೊತ್ತಿಗೆ ಗಿಡಕ್ಕೆ ಹೇನು ಬಿತ್ತು. ಎಳೆಯ ಕುಡಿಗಳೆಲ್ಲ ಕಪ್ಪಗೆ, ಅಂಟಂಟು. ನಮ್ಮದು ಅಂಗೈಯಗಲದ ಹೊಲ. ಬೆಳೆ ಹೋದರೆ ಊಟವೇ ಹೋದಂತೆ. ಮಾವ ಪಂಪು ಇಳಿಸಿ ಹೆಗಲಿಗೇರಿಸಿದರು. ಮಾವ ಗಿಡ್ಡ. ಡಬ್ಬಿ ಅವರ ತೊಡೆಗೆ ಬಡಿಯಿತು. ಪಟ್ಟಿ ಗಿಡ್ಡ ಮಾಡಲು ಕೊಂಡಿಯ ಮೇಲೆ ಬೆರಳಿಟ್ಟರು. ಬೆರಳು ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಪಂಪನ್ನು ಮತ್ತೆ ಗೂಟಕ್ಕೆ ಹಾಕಿದರು.

"ಯಾಕೋ ಬೆನ್ನು ಹಿಡ್ಕೊಂಡಿದೆ ಕಣೇ," ಎಂದರು, ಅತ್ತೆಯ ಕಡೆ ನೋಡದೆ.

"ಹಿಡ್ಕೊಳ್ಳುತ್ತೆ. ವಯಸ್ಸಾಯ್ತಲ್ಲ," ಎಂದರು ಅತ್ತೆ. ಅವರೂ ನೋಡಲಿಲ್ಲ.

ಬೆನ್ನಿನ ಸುದ್ದಿ ಕೇಳಿ ಪಕ್ಕದ ಹೊಲದ ಚಿಕ್ಕಪ್ಪ ಬಂದರು. ಮಾವನಿಗೆ ತಮ್ಮನಾಗಬೇಕು. ಊರವರು ಅವರನ್ನು ರೇಡಿಯೋ ಅನ್ನುತ್ತಿದ್ದರು; ಒಮ್ಮೆ ಶುರುವಾದರೆ ಆರಿಸಲು ಗುಂಡಿ ಇರಲಿಲ್ಲ.

"ಏನಣ್ಣ, ಹೇನಿಗೆ ಚಪ್ಪರ ಹಾಕಿ ಊಟಕ್ಕೆ ಕರೆದಿದ್ದೀಯಾ? ಇವತ್ತು ನಿನ್ನ ಮನೆ, ನಾಳೆ ನನ್ನ ಮನೆ. ಕೊಡು ಪಂಪು, ನಾನೇ ಹೊಡೀತೀನಿ. ನಂದು ಅಳಿಯನ ಮನೇಲಿದೆ. ಅಳಿಯನ ಕೈ ಸೇರಿದ್ದು ವಾಪಸ್ ಬರೋದುಂಟಾ?"

ಪಂಪು ಹೆಗಲಿಗೇರಿಸಿ, "ಅಯ್ಯೋ, ಇದೇನು ಒಂಟೆಗೆ ಹೊಲಿಸಿದ್ದಾ?" ಎಂದು ಕೊಂಡಿಗೆ ಕೈ ಹಾಕಿದರು.

"ಬಿಡು!" ಅತ್ತೆಯ ದನಿಗೆ ನಾನೂ ಬೆಚ್ಚಿದೆ.

"ಏನತ್ತಿಗೆ?"

"ಅದು ಸೋರುತ್ತೆ," ಎಂದರು ಮಾವ.

"ಎಲ್ಲಿ ಸೋರುತ್ತೆ? ಒಣಗಿ ಮರಳುಗಾಡಾಗಿದೆ."

"ನೀರು ಹಾಕಿದ್ರೆ ಸೋರುತ್ತೆ ಚಿಕ್ಕಪ್ಪ," ಎಂದೆ ನಾನು. "ಔಷಧಿಯೆಲ್ಲ ಬೆನ್ನ ಮೇಲೆ ಇಳಿಯುತ್ತೆ."

ಎಷ್ಟೋ ದಿನಗಳಿಂದ ಮಾತಾಡದವಳು ಮಾತಾಡಿದ್ದಕ್ಕೆ ಮೂವರೂ ತಿರುಗಿ ನೋಡಿದರು. ಚಿಕ್ಕಪ್ಪ ಸರಕ್ಕನೆ ಪಂಪು ಕೆಳಗಿಟ್ಟರು. "ಹಾಗಾದ್ರೆ ಬೇಡಮ್ಮ. ನನ್ನ ಬೆನ್ನಿಗೇನು ಹೇನು ಬಿದ್ದಿಲ್ಲ."

ಹೇಳಿದ ಸುಳ್ಳಿಗೆ ನಾವು ದುಡಿಯಬೇಕಾಯಿತು. ಮರುದಿನ ಮಂಜು ಕರಗುವ ಮೊದಲೇ ಮೂವರೂ ಸಾಬೂನಿನ ನೀರು, ಗೋಡೆಗೆ ಬಣ್ಣ ಬಳಿಯುವ ಬ್ರಷ್ಷು ಹಿಡಿದು ಸಾಲಿಗಿಳಿದೆವು. ಒಂದೊಂದೇ ಕುಡಿಯನ್ನು ತೊಳೆದೆವು. ಮಂಜಿನಲ್ಲಿ ಅತ್ತೆಯ ತಲೆ ಮಾತ್ರ ಕಾಣುತ್ತಿತ್ತು, ನೀರಿನ ಮೇಲೆ ತೇಲುವ ಹಾಗೆ. ಬೇಲಿಯಾಚೆಯಿಂದ ರೇಡಿಯೋ ಕೂಗಿತು: "ಅಣ್ಣಾ, ಎರಡನೇ ಕೋಟು ಯಾವಾಗ?"

ಒಂದು ದಿನ ಅತ್ತೆ ಕುಡಿಯ ಮೇಲಿದ್ದ ಹುಳವೊಂದನ್ನು ಹೊಸಕಲು ಹೋದರು. ಬೂದುಬಣ್ಣ, ಮೈಮೇಲೆ ಮುಳ್ಳು, ಮೊಸಳೆಯ ಗೊಂಬೆಯಂತಿತ್ತು. ಅದನ್ನು ನಾನು ಪುಸ್ತಕದ ಹಾಳೆಯ ಮೂಲೆಯಲ್ಲಷ್ಟೇ ನೋಡಿದ್ದೆ.

"ಬೇಡ ಅತ್ತೆ. ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿ ಹುಳ ಇದೆಯಲ್ಲ, ಅದರ ಮರಿ. ಹೇನು ತಿನ್ನುತ್ತೆ."

"ಅಷ್ಟು ಚೆಂದದ ತಾಯಿಗೆ ಇಂಥ ಮಗುವಾ?"

"ದೊಡ್ಡದಾದ್ರೆ ಇದೂ ಚೆಂದ ಆಗುತ್ತೆ."

"ಹಾಗಾದ್ರೆ ತಿನ್ನಲಿ ಬಿಡು, ಬೆಳೆಯೋ ಮಗು." ಆಮೇಲೆ ಅವರು ಸಾಲಿನಲ್ಲಿ ನಡೆಯುತ್ತಾ ಗಿಡದ ಮೇಲಿನ ಮರಿಗಳನ್ನು ವಿಚಾರಿಸುತ್ತಿದ್ದರು, "ಊಟ ಆಯ್ತಾ? ಆಯ್ತಾ?"

ಆ ವರ್ಷ ಕಾಯಿ ಕಡಿಮೆ ಬಂತು. ಮಾವ ಬೇರೆಯವರ ಹೊಲಕ್ಕೆ ಕೂಲಿಗೆ ಹೋದರು. ಮರುವರ್ಷ ಅತ್ತೆ ಸಾಲುಗಳ ನಡುವೆ ಜೋಳ ಹಾಕಿದರು, ಹುಳಗಳಿಗೆ ನೆರಳಿರಲಿ ಎಂದು ಬದುವಿನಲ್ಲಿ ಹೂಗಿಡ ನೆಟ್ಟರು. ಬಿದ್ದ ಎಲೆಯನ್ನು ನಾವು ಗುಡಿಸಲಿಲ್ಲ. ನೆಲ ಮೆತ್ತಗಾಯಿತು. ಮೊದಲು ಔಷಧಿ ಹೊಡೆದ ಮೇಲೆ ಆ ಕಡೆ ಯಾರೂ ಸುಳಿಯುವಂತಿರಲಿಲ್ಲ. ಈಗ ಬುತ್ತಿ ತಂದು ಗಿಡದ ಬುಡದಲ್ಲೇ ಕೂರುತ್ತಿದ್ದೆವು. ಕೆಲವೊಮ್ಮೆ ನಾನು ಅಲ್ಲೇ ಮಲಗಿಬಿಡುತ್ತಿದ್ದೆ. ಕಿವಿಯ ಹತ್ತಿರ ಕಪ್ಪೆಯೊಂದು ಕೂತು, ಏನೋ ಹೇಳಲು ಹೊರಟು ಮರೆತುಹೋದಂತೆ ನೋಡುತ್ತಿತ್ತು.

ಕೃಷಿ ಕಚೇರಿಯಿಂದ ಒಬ್ಬ ಮೇಡಂ ಬಂದರು. "ಔಷಧಿ ಯಾಕೆ ಬಿಟ್ಟಿರಿ? ಮಣ್ಣಿಗೆ ಒಳ್ಳೇದು ಅಂತಲಾ? ಖರ್ಚು ಕಡಿಮೆ ಅಂತಲಾ?"

ಮಾವ ಎರಡಕ್ಕೂ ತಲೆಯಾಡಿಸಿ, "ಪಂಪು ಸೋರ್ತಿತ್ತು ಮೇಡಂ," ಎಂದರು. ಆಕೆ ನಕ್ಕರು. ನಾವು ನಗಲಿಲ್ಲ.

ಈ ವರ್ಷ ಬಿಸಿಲು ಹೆಚ್ಚಾಗಿ ಹೇನು ಒಮ್ಮೆಲೇ ಏರಿತು. ಗುಲಗಂಜಿ ಹುಳಗಳು ಇನ್ನೂ ಬಂದಿರಲಿಲ್ಲ. ಅತ್ತೆಯ ಕಣ್ಣು ಮಂದವಾಗಿತ್ತು. ಬ್ರಷ್ಷಿನಿಂದ ಆಗುವ ಕೆಲಸವಾಗಿರಲಿಲ್ಲ. ಚಿಕ್ಕಪ್ಪ ಅಳಿಯನಿಂದ ಹೇಗೋ ಬಿಡಿಸಿಕೊಂಡ ತಮ್ಮ ಪಂಪನ್ನೂ ಔಷಧಿಯ ಬಾಟಲಿಯನ್ನೂ ತಂದರು.

"ಒಂದೇ ಒಂದು ಸಲ ಹೊಡಿ ಅಣ್ಣ. ಮತ್ತೆ ಬೇಕಾದ್ರೆ ಸನ್ಯಾಸಿಯಾಗು. ನಾನು ಯಾರಿಗೂ ಹೇಳಲ್ಲ."

"ನೀನಾ? ಹೇಳಲ್ವಾ?" ಎಂದರು ಅತ್ತೆ.

ಮಾವ ಬಾಟಲಿ ಹಿಡಿದು ಹೊಲ ನೋಡುತ್ತಾ ನಿಂತರು. ಹೊಡೆದರೆ ಹೇನೂ ಸಾಯುತ್ತದೆ, ಬರಬೇಕಾದ ಹುಳಗಳೂ ಕಪ್ಪೆಯೂ ಸಾಯುತ್ತವೆ. ಹೊಡೆಯದಿದ್ದರೆ ಈ ಬೆಳೆಯಿಲ್ಲ.

ನಾನು ಒಳಗೆ ಹೋಗಿ ಗೂಟದಿಂದ ಪಂಪು ಇಳಿಸಿದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅದನ್ನು ತೊಳೆದೆ, ಮತ್ತೆ ತೊಳೆದೆ, ವಾಸನೆ ಹೋಗುವವರೆಗೂ ತೊಳೆದೆ. ಸಾಬೂನಿನ ನೀರು ತುಂಬಿ, ಕೊಂಡಿ ಮುಟ್ಟದೆ ಹೆಗಲಿಗೆ ಹಾಕಿಕೊಂಡೆ. ಡಬ್ಬಿ ಮೊಣಕಾಲಿನ ಹಿಂದೆ ಬಡಿದು ಮುಗ್ಗರಿಸಿದೆ.

"ಪಟ್ಟಿ... ಗಿಡ್ಡ ಮಾಡ್ಕೋ ಮಗಳೇ," ಎಂದರು ಅತ್ತೆ. ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಕೇಳಿಸಿತು.

ಮಾವ ಬಾಟಲಿಯನ್ನು ತಮ್ಮನ ಜೇಬಿಗೆ ತುರುಕಿ ನನ್ನ ಹಿಂದೆ ಬಂದರು. ಬಗ್ಗಿ ಎರಡೂ ಕೈಯಿಂದ ಡಬ್ಬಿಯನ್ನು ಎತ್ತಿ ಹಿಡಿದರು. "ಇದ್ದ ಹಾಗೇ ಇರಲಿ. ನಡಿ," ಎಂದರು.

ನಾನು ಹಿಡಿ ಒತ್ತುತ್ತಾ ನಡೆದೆ. ಹಿಂದೆ ಮಾವ ಹೊತ್ತುಕೊಂಡು ನಡೆದರು. ಬಿಸಿಲಿನಲ್ಲಿ ಸಣ್ಣ ಹನಿಗಳು ಹಾರಿ, ಕೆಳಗೆ ಬೀಳುವುದನ್ನು ಮರೆತಂತೆ ನಿಂತವು.

"ನಾಲ್ಕು ಕಾಲು, ಎರಡು ತಲೆ! ಬೆನ್ನು ಹಿಡಿದಿತ್ತಲ್ಲಣ್ಣ?" ಎಂದಿತು ರೇಡಿಯೋ.

ಸಾಲಿನ ನಡುವೆ ನಾನು ಗಕ್ಕನೆ ನಿಂತೆ. ಮುಚ್ಚಳದ ಸಂದಿಯಿಂದ ನೀರು ಜಿನುಗಿ ನನ್ನ ಬೆನ್ನಿನ ಮೇಲೆ ಇಳಿಯುತ್ತಿತ್ತು.

"ಏನಾಯ್ತು?"

"ಮಾವ... ಸೋರ್ತಿದೆ."

ಅವರು ಒದ್ದೆಯಾದ ತಮ್ಮ ತೋಳು ನೋಡಿಕೊಂಡರು. "ನಾನು ಅವತ್ತೇ ಹೇಳಿರಲಿಲ್ವಾ?" ಎಂದರು. ಬದುವಿನ ಮೇಲಿದ್ದ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

"ಇಳಿಸಿಬಿಡೋಣ್ವಾ?"

"ಬೇಡ ಮಾವ," ಎಂದೆ. "ತಣ್ಣಗಿದೆ."