ಎರಡು ಹಿಮ್ಮಡಿ

ದಾರ ಬೆರಳಿಗೆ ಚುಚ್ಚುತ್ತಿದೆ, ಉಣ್ಣೆಯನ್ನು ಯಾರೂ ಸರಿಯಾಗಿ ತೊಳೆದಿಲ್ಲ, ಇನ್ನೂ ಕುರಿಯ ಜಿಡ್ಡು, ಕುರಿಯ ವಾಸನೆ, ಕಪ್ಪು ಒಂದೆಳೆ ಬಿಳಿ ಒಂದೆಳೆ, ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆದರೆ ಒಂದನ್ನೊಂದು ಸುತ್ತಿಕೊಳ್ಳುತ್ತವೆ, ಕೈ ತೆಗೆದರೆ ಮೆಲ್ಲಗೆ ಬಿಟ್ಟುಕೊಳ್ಳುತ್ತವೆ — ಬಿಗಿಯಾಗಿ ಹೊಸಿ ಜಿಪಾರ್, ಸಡಿಲ ದಾರ ಕಟ್ಟಿದ್ರೆ ಮಗು ಜೀವಮಾನವೆಲ್ಲ ಎಡವುತ್ತೆ, ಅಂದವಳು ಅತ್ತೆ ಬುರ್ಮಾಕಾನ್, ಮೂವತ್ತಮೂರು ವರ್ಷದ ಹಿಂದೆ, ಇದೇ ಅಂಗಳದಲ್ಲಿ, ಇದೇ ಪಾಪ್ಲರ್ ಮರದ ಕೆಳಗೆ. ಈಗ ಅದನ್ನೇ ಅನ್ನುತ್ತಿರುವವಳು ಅತ್ತೆಯ ತಂಗಿ ಜೂರಾ, ಚಹಾದ ಸಮೋವರಿನ ಪಕ್ಕ ಕೂತು ಹಲ್ಲಿಲ್ಲದ ಬಾಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್ ಚೀಪುತ್ತ, ಊರ ಮಕ್ಕಳಿಗೆಲ್ಲ ಪಾಠ ಹೇಳೋಳು, ಒಂದು ದಾರ ಹೊಸೆಯೋಕೆ ಬರಲ್ವಲ್ಲೇ ನಿಂಗೆ. ಬರುವುದಿಲ್ಲ, ನಿಜ, ಇನ್ನೊಂದು ಗಂಟೆಯಲ್ಲಿ ಈ ದಾರ ವರ್ಷ ತುಂಬಿದ ಮೀರಿಮ್‌ಳ ಎರಡೂ ಕಾಲುಗಳಿಗೆ ಬೀಳುತ್ತದೆ, ಬೀದಿಯ ಮಕ್ಕಳು ಸೇತುವೆಯಿಂದ ಓಡಿ ಬರುತ್ತಾರೆ, ಮೊದಲು ಬಂದದ್ದು ಚಾಕು ಹಿಡಿದು ಕತ್ತರಿಸುತ್ತದೆ, ಆಮೇಲೆ ಮಗು ನಡೆಯುತ್ತದೆ — ಯಾರ ಕಡೆಗೆ? ಕಳೆದ ವಾರ ಮಗುವಿನ ಅಪ್ಪ ತಾಲಾಯ್ ಬಂದವನು ಟೋಪಿ ಕೂಡ ತೆಗೆಯದೆ ಕೂತು, ಅತ್ತಿಗೆ, ಅಣ್ಣ ಹೋದ ಮೇಲೆ ನೀವು ಒಬ್ಬರೇ ಆಗ್ಬಿಟ್ರಿ, ಅಪಾನೂ ಇಲ್ಲ, ಮನೆಗೆ ದೊಡ್ಡವರು ಅಂತ ಈಗ ನೀವೇ, ಚೊಚ್ಚಲು ಮಗು ದೊಡ್ಡವರಿಗೆ ಸೇರಿದ್ದು, ದಾರ ಕತ್ತರಿಸಿದ ಮೇಲೆ ಮೀರಿಮ್ ನಿಮ್ಮ ಹತ್ರ ನಡೆದು ಬರ್ಲಿ, ಎತ್ಕೊಂಡು ಹೋಗಿ, ಅಪಾ ನನ್ನ ಕರ್ಕೊಂಡ ಹಾಗೇ. ಅವನು ಅಣ್ಣ ಅಂದದ್ದು ತನ್ನ ಅಪ್ಪನನ್ನು, ಅತ್ತಿಗೆ ಅಂದದ್ದು ತನ್ನ ಹೆತ್ತವಳನ್ನು, ಗೊತ್ತಿಲ್ಲದೆ ಅಲ್ಲ, ನಾರಿನ್ ಊರಿನ ನಾಯಿಗಳಿಗೂ ಗೊತ್ತಿದೆ, ಆದರೆ ಅಜ್ಜಿ ಸಾಕಿದ ಮಗು ಅಜ್ಜಿಯನ್ನೇ ಅಪಾ ಅನ್ನುತ್ತದೆ, ಅಂದರೆ ಅಮ್ಮ, ಹೆತ್ತವಳು ಆ ಮನೆಯ ಹಿರಿಸೊಸೆ, ಅತ್ತಿಗೆ, ಅಷ್ಟೆ. ಹಾಗಾಗಿ ಅವನ ಹೆಂಡತಿ ಆಯ್ಸುಲೂ ತನಗೆ ಸೊಸೆಯೂ ಹೌದು, ವಾರಗಿತ್ತಿಯೂ ಹೌದು, ಮೀರಿಮ್ ಮೊಮ್ಮಗಳು, ಇವತ್ತು ಕೈ ಚಾಚಿದರೆ ಮಗಳು, ನಾಳೆಯಿಂದ ಈ ಮನೆಯಲ್ಲಿ ಒಂದು ಬಾಯಿ ತನ್ನನ್ನು ಅಪಾ ಅಂದು ಕರೆಯುತ್ತದೆ. ಐವತ್ತಾರು ವರ್ಷ ತುಂಬಿದೆ, ಯಾರೂ ಹಾಗೆ ಕರೆದಿಲ್ಲ.

ಹೊಸೆದದ್ದು ಮತ್ತೆ ಬಿಟ್ಟುಕೊಂಡಿತು, ಅಂಗೈಗೆ ಉಗುಳು ಹಚ್ಚಿಕೊ, ಮತ್ತೆ ಹೊಸೆ. ಆಗ ಅವಳಿಗೆ ಇಪ್ಪತ್ತಮೂರು, ತಾಲಾಯ್‌ನನ್ನು ತೊಟ್ಟಿಲಿಗೆ ಹಾಕಿ ನಲವತ್ತು ದಿನದ ಶಾಸ್ತ್ರ ಮುಗಿದ ಸಂಜೆಯೇ ಅತ್ತೆ ಹೇಳಿದ್ದಳು, ಇವನು ನನ್ನ ಮಗ, ನೀನು ಹಾಲು ಕುಡಿಸು ಸಾಕು, ವರ್ಷ ತುಂಬ್ಲಿ, ಆಮೇಲೆ ಫ್ರುಂಜೆ ಪಟ್ಟಣಕ್ಕೆ ಹೋಗಿ ಅರ್ಧಕ್ಕೆ ಬಿಟ್ಟ ಓದು ಮುಗಿಸ್ಕೊಂಡು ಬಾ, ನಿಂಗೂ ಒಳ್ಳೇದು. ಕೆಟ್ಟವಳಲ್ಲ ಬುರ್ಮಾಕಾನ್, ಕೆಟ್ಟವಳಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು, ಬೈದುಕೊಂಡಾದರೂ ಬದುಕಬಹುದಿತ್ತು, ಆ ಹುಡುಗನಿಗಾಗಿ ಚಳಿಗಾಲದಲ್ಲಿ ಹಾಲು ಹಿಂಡಿ ಹಿಂಡಿ ಅವಳ ಬೆರಳುಗಳು ಬಿರುಕು ಬಿಟ್ಟಿದ್ದವು. ಅತ್ತೆ ಮಾವನ ಎದುರಿಗೆ ಸೊಸೆ ತನ್ನ ಮಗುವನ್ನು ಮುದ್ದಾಡುವಂತಿರಲಿಲ್ಲ, ಹಾಲು ಕುಡಿಸುವಾಗಲೂ ಗೋಡೆಯ ಕಡೆ ತಿರುಗಬೇಕು, ಮುಖ ಕಲ್ಲಿನ ಹಾಗಿರಬೇಕು, ಅದೇ ಮರ್ಯಾದೆ, ಅದರಲ್ಲಿ ಅವಳು ಗಟ್ಟಿಗಿತ್ತಿ, ಎಲ್ಲರೂ ಹೊಗಳುತ್ತಿದ್ದರು. ದಾರದ ದಿನ ಮಗುವನ್ನು ಹಿಂದಿನಿಂದ ಹಿಡಿದುಕೊಳ್ಳುವ ಕೆಲಸ ಅವಳದಾಯಿತು, ಎದುರಿಗೆ ಹಾಸಿನ ತುದಿಯಲ್ಲಿ ಅತ್ತೆ ಮೊಣಕಾಲೂರಿ ಕೈ ಚಾಚಿದ್ದಳು, ದಾರ ಕತ್ತರಿಸಿದರು, ಅವಳು ಕಂಕುಳಿಂದ ಕೈ ತೆಗೆದಳು, ಒಂದು ಹೆಜ್ಜೆ, ಎರಡು, ಎರಡು ಹಿಮ್ಮಡಿ ತನ್ನಿಂದ ದೂರ, ಕೆಂಪಗೆ, ಈಗಷ್ಟೆ ನೆಲ ಮುಟ್ಟಿದವು, ಒಂದರ ಹಿಂದೆ ದಾರದ ತುಂಡು ಎಳೆದುಕೊಂಡು — ಮೂರನೆಯದಕ್ಕೆ ನಿಂತ. ತಿರುಗಿದ. ಅವಳ ಮುಖ ನೋಡಿದ. ಎಷ್ಟು ಹೊತ್ತು? ಒಂದು ಉಸಿರಿನಷ್ಟು. ಮಾವ ನೋಡುತ್ತಿದ್ದಾನೆ, ಊರೇ ನೋಡುತ್ತಿದೆ, ಅವಳು ಮುಖವನ್ನು ಕಲ್ಲು ಮಾಡಿಕೊಂಡಳು, ಅವನು ಮತ್ತೆ ಆ ಕಡೆ ತಿರುಗಿ ನಡೆದುಬಿಟ್ಟ. ಮರುದಿನ ಬೆಳಿಗ್ಗೆ ಎದೆಗೆ ಬಟ್ಟೆ ಬಿಗಿದುಕೊಂಡು ಬಸ್ಸು ಹತ್ತಿದಳು, ದೊಲೋನ್ ಕಣಿವೆ ದಾಟುವಷ್ಟರಲ್ಲಿ ಬಟ್ಟೆ ನೆಂದು ಹಾಲು ಮೇಲಂಗಿಯವರೆಗೆ ಬಂದಿತ್ತು, ಪಕ್ಕದ ಹೆಂಗಸು ಏನೂ ಕೇಳದೆ ತನ್ನ ಶಾಲು ಹೊದಿಸಿದಳು. ಆ ಹೆಂಗಸಿನ ಹೆಸರು ಗೊತ್ತಿಲ್ಲ.

ಮತ್ತೆ ಓದು, ಓದಿದ್ದೇನು ಹೇಳು, ಅದನ್ನೇ ಓದಿದ್ದು, ಹುಟ್ಟಿದಾಗಿನಿಂದ ಸಾಯುವವರೆಗೆ ಮನುಷ್ಯನ ಮನಸ್ಸು ಹೇಗೆ ಬೆಳೆಯುತ್ತದೆ ಅಂತ, ಫ್ರುಂಜೆಯ ತಣ್ಣನೆಯ ಕೊಠಡಿಯಲ್ಲಿ ಕೂತು ಪುಟ ಪುಟವಾಗಿ, ಏಳೆಂಟು ತಿಂಗಳಿಗೆ ಮಗು ತನ್ನವರು ಯಾರು ಪರರು ಯಾರು ಅಂತ ಬೇರೆ ಮಾಡುತ್ತದೆ, ಬಟ್ಟೆಯ ಕೆಳಗೆ ಮುಚ್ಚಿಟ್ಟ ಆಟಿಕೆ ಕಾಣದಿದ್ದರೂ ಅಲ್ಲೇ ಇದೆ ಅಂತ ತಿಳಿಯುತ್ತದೆ, ಹುಡುಕುತ್ತದೆ — ಅವನು ಹುಡುಕಿರಬಹುದೇ? ಎಷ್ಟು ದಿನ? — ಮತ್ತೆ ಆ ಪುಟ, ವರ್ಷದ ಮಗು ಅನುಮಾನ ಬಂದಾಗ ನಿಂತು ತಾಯಿಯ ಮುಖ ನೋಡುತ್ತದೆ, ಮುಖ ನಕ್ಕರೆ ಅತ್ತ ಬರುತ್ತದೆ, ಮುಖ ಖಾಲಿಯಿದ್ದರೆ ತಿರುಗಿ ಹೋಗುತ್ತದೆ. ಅಲ್ಲಿಗೆ ಪುಸ್ತಕ ಮುಚ್ಚಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಅವನು ಕೇಳಿದ್ದ, ಬಾಯಿ ಬರದವನು ಕಣ್ಣಿನಲ್ಲಿ ಕೇಳಿದ್ದ, ಬರಲಾ ಅಂತ, ಅವಳು ಬೇಡ ಅಂದಿದ್ದಳು. ಆ ಪುಟವನ್ನು ಇಪ್ಪತ್ತೆಂಟು ವರ್ಷದಿಂದ ಶಿಕ್ಷಕರ ಕಾಲೇಜಿನಲ್ಲಿ ತಾನೇ ಪಾಠ ಮಾಡುತ್ತಾಳೆ, ಹಲಗೆಯ ಮೇಲೆ ಬದುಕಿನ ಎಂಟು ಹಂತಕ್ಕೆ ಎಂಟು ಚೌಕ ಬರೆದು, ಮೊದಲನೆಯದು ನಂಬಿಕೆ, ಕೊನೆಯದು ಮುಪ್ಪು, ಏಳನೆಯದು ನಡುವಯಸ್ಸು, ಮುಂದಿನವರಿಗಾಗಿ ಏನಾದರೂ ಮಾಡಬೇಕೆಂಬ ಹಂಬಲ, ಇಲ್ಲದಿದ್ದರೆ ಮನಸ್ಸು ನಿಂತ ನೀರು — ಮೇಡಂ, ನೀವು ಯಾವ ಚೌಕದಲ್ಲಿದ್ದೀರ, ಅಂತ ಒಬ್ಬಳು ತುಂಟಿ ಕೇಳಿದ್ದಳು, ಎಲ್ಲರೂ ನಕ್ಕರು, ಅವಳೂ ನಕ್ಕಳು, ಏಳನೆಯದಮ್ಮ, ಬೇರೆಯವರ ಮಕ್ಕಳ ಜೊತೆ, ಬಾಡಿಗೆಗೆ. ಓದು ಮುಗಿಸಿ ಊರಿಗೆ ಬಂದ ಮೇಲೆ ಎರಡು ಸಲ ಬಸುರಾದಳು, ಎರಡೂ ನಿಲ್ಲಲಿಲ್ಲ, ಗಂಡ ಸಾಗಿನ್ ಒಳ್ಳೆಯವನು, ಮಾತು ಕಡಿಮೆ, ಹೋದ ವರ್ಷ ತೀರಿಕೊಂಡ. ಹಾಗಿರುವಾಗ ಈ ಮಗುವನ್ನು ಯಾಕೆ ತೆಗೆದುಕೊಳ್ಳಬಾರದು, ಕದಿಯುವುದಲ್ಲವಲ್ಲ, ಕೊಡುತ್ತಿದ್ದಾರೆ, ಅಪ್ಪ ತಾನಾಗಿ ಕೊಡುತ್ತಿದ್ದಾನೆ, ಅಜ್ಜಿಯ ಕೈಯಲ್ಲಿ ಬೆಳೆದವರು ಕೆಟ್ಟಿದ್ದಾರೆಯೇ, ತಾಲಾಯ್ ಕೆಟ್ಟಿದ್ದಾನೆಯೇ, ಚೆನ್ನಾಗಿದ್ದಾನೆ, ನಗುತ್ತಾನೆ, ಅಪಾ ಸತ್ತಾಗ ಎದೆ ಬಡಿದುಕೊಂಡು ಅತ್ತ. ಮೀರಿಮ್‌ಳ ಕುತ್ತಿಗೆಯ ಮಡಿಕೆಯಲ್ಲಿ ಹಾಲಿನ ಹುಳಿ ವಾಸನೆ, ಮೂಗಿಟ್ಟರೆ ತೆಗೆಯಲು ಮನಸ್ಸಾಗುವುದಿಲ್ಲ, ಬೇಕು, ಇಷ್ಟು ವಯಸ್ಸಾದರೂ ನಾಚಿಕೆಯಿಲ್ಲದೆ ಬೇಕು. ಬೆಳಿಗ್ಗೆ ಬಾಗಿಲ ಸಂದಿಯಿಂದ ಕಂಡಿತು, ಆಯ್ಸುಲೂ ಮಗುವಿನ ಬಟ್ಟೆ ಗಂಟು ಕಟ್ಟುತ್ತಿದ್ದಳು, ಒಂದೊಂದನ್ನೂ ಮಡಿಸಿ, ಒಂದು ಕಾಲುಚೀಲ ಮಾತ್ರ, ಜೊತೆಯಲ್ಲಿ ಒಂದೇ ಒಂದು, ಲಂಗದ ಜೇಬಿಗೆ ತುರುಕಿಕೊಂಡಳು. ಅಕ್ಕ, ಇನ್ನೊಂದು ಸಿಗ್ತಿಲ್ಲ, ಎಲ್ಲೋ ಬಿದ್ದಿರ್ಬೇಕು, ಅಂದಳು ಇವಳನ್ನು ಕಂಡು. ಮುಖ ಕಲ್ಲಿನ ಹಾಗಿತ್ತು, ಮರ್ಯಾದಸ್ತೆ ಸೊಸೆ. ಹುಡುಕೋಣ ಬಿಡು, ಅಂದಳು ಜಿಪಾರ್.

ಸಾಕು ಕೊಡೆ, ಎಂದು ಜೂರಾ ಕಿತ್ತುಕೊಂಡಳು, ಸಡಿಲವೋ ಬಿಗಿಯೋ ಕಟ್ಟಿಯಾಯಿತು, ಶಿರ್ದಾಕ್ ಹಾಸಿನ ಈ ತುದಿಯಲ್ಲಿ ತಾನು, ಆ ತುದಿಯಲ್ಲಿ ಆಯ್ಸುಲೂ ಮಗುವಿನ ಕಂಕುಳಿಗೆ ಕೈಯಿಟ್ಟು, ನಡುವೆ ಆರು ಹೆಜ್ಜೆ, ಸೇತುವೆಯಿಂದ ಮಕ್ಕಳು ಧೂಳೆಬ್ಬಿಸಿ ಬರುತ್ತಿವೆ, ಎರಡು ಜಡೆಯ ಹುಡುಗಿಯೊಂದು ಮೊದಲು ಬಂತು, ಚಾಕು, ಎಲ್ಲರೂ ಹೋ ಅಂದರು, ದಾರ ಕಡಿಯಿತು. ತಾಲಾಯ್ ಬೂಟು ಬಿಟ್ಟು ಹಾಸಿನ ಮೇಲೆ ಹತ್ತಿ, ಹೋಗು ಪುಟ್ಟಿ, ಅಪಾ ಹತ್ರ ಹೋಗು — ಅಪಾ, ಅಂದ, ತನ್ನನ್ನು ತೋರಿಸಿ ಅಂದ, ಅವನ ಬಾಯಿಂದ ಆ ಮಾತು ತನ್ನ ಕಡೆಗೆ ಬಂದದ್ದು ಇದೇ ಮೊದಲು, ಮಗಳಿಗೆ ಹೇಳಿಕೊಡುವುದಕ್ಕೇ ಆದರೂ. ಕೈಗಳು ತಾವಾಗಿ ಎದ್ದವು. ಒಂದು ಹೆಜ್ಜೆ, ಎರಡು, ಬರುತ್ತಿದ್ದಾಳೆ, ಹೊಟ್ಟೆ ಮುಂದೆ ಮಾಡಿಕೊಂಡು, ಜೊಲ್ಲು ಸುರಿಸಿಕೊಂಡು, ಮೂರು, ಅವಳ ತಲೆಯ ಮೇಲಿಂದ ಆ ತುದಿಯಲ್ಲಿ ಆಯ್ಸುಲೂ, ಒಂದು ಕೈ ಇನ್ನೂ ಗಾಳಿಯಲ್ಲಿ, ಇನ್ನೊಂದು ಲಂಗದ ಜೇಬಿನೊಳಗೆ ಮುಷ್ಟಿ ಕಟ್ಟಿದೆ, ಮುಖ ಕಲ್ಲು, ಆ ಕಲ್ಲು ಜಿಪಾರ್‌ಗೆ ಗೊತ್ತು, ಒಳಗಡೆಯಿಂದ ಗೊತ್ತು. ಮೀರಿಮ್ ನಿಂತಳು. ನೋಡಿದಳು. ಬರಲಾ? ಬಾ, ಬಾರೇ, ಒಂದು ನಗು ಸಾಕು, ತುಟಿಯ ತುದಿ ಎತ್ತಿದರೆ ಸಾಕು, ಬಂದುಬಿಡುತ್ತಾಳೆ, ಆ ಪುಟ ಬಾಯಿಪಾಠ ಇದೆ, ಹೇಗೆ ಕರೆಯಬೇಕೆಂಬುದೂ ಗೊತ್ತು ಹೇಗೆ ಕಳಿಸಬೇಕೆಂಬುದೂ ಗೊತ್ತು — ಎರಡೂ ಕೈ ಇಳಿಸಿ ತೊಡೆಯ ಕೆಳಗೆ ಇಟ್ಟುಕೊಂಡಳು, ಮುಖದಿಂದ ಒಂದೊಂದಾಗಿ ಎಲ್ಲ ತೆಗೆದಳು, ಕಣ್ಣಿನಿಂದ, ಹುಬ್ಬಿನಿಂದ, ಬಾಯಿಂದ, ಏನೂ ಉಳಿಯದ ಹಾಗೆ. ಮಗು ಒಂದು ಗಳಿಗೆ ಕಾದಿತು. ತುಟಿ ಸೊಟ್ಟಗಾಯಿತು. ತಿರುಗಿತು. ಎರಡು ಹಿಮ್ಮಡಿ, ಕೆಂಪಗೆ, ದೂರ, ಆ ತುದಿಯಲ್ಲಿ ಆಯ್ಸುಲೂ ಮಗುವನ್ನು ಸೆಳೆದುಕೊಂಡು ಮುಖ ಮುಚ್ಚಿಕೊಂಡಳು, ಎಲ್ಲರ ಎದುರಿಗೇ, ಮರ್ಯಾದೆ ಬಿಟ್ಟು. ಜೂರಾ, ಅಯ್ಯೋ ದಾರ ಸಡಿಲ ಇತ್ತು, ನಾನು ಹೇಳ್ಲಿಲ್ವಾ. ಯಾರೋ ನಕ್ಕರು. ತಾಲಾಯ್ ಬಗ್ಗಿದ, ಅವಳಿಗೊಬ್ಬಳಿಗೆ ಕೇಳುವ ಹಾಗೆ, ನಿಮಗೆ ಆಗ್ಲೂ ಬೇಡವಾಗಿತ್ತು, ಈಗ್ಲೂ ಬೇಡ, ಅಲ್ವಾ? ಅಪಾ ಹೇಳ್ತಿದ್ಳು, ನನ್ನ ಬಿಟ್ಟು ಬಸ್ ಹತ್ತೋವಾಗ ನೀವು ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಅಂತ. ಹೇಳು, ಈಗ ಹೇಳು, ದೊಲೋನ್ ಕಣಿವೆ ಹೇಳು, ಶಾಲು ಹೇಳು, ನಲ್ಲಿ ನೀರು ಹೇಳು — ಅವಳಮ್ಮ ಅಲ್ಲೇ ಇದ್ದಾಳಲ್ಲ ತಾಲಾಯ್, ಅಂದಳು, ಅಷ್ಟೇ ಬಂತು. ಅವನು ನಿಂತ. ಅವಳ ಮುಖ ನೋಡಿದ, ಒಂದು ಉಸಿರಿನಷ್ಟು, ಅದೇ ಕಣ್ಣು, ಅವಳು ಮುಖವನ್ನು ವಾಪಸು ತರಲು ನೋಡುತ್ತಾಳೆ, ತೆಗೆದದ್ದನ್ನೆಲ್ಲ ಮತ್ತೆ ಹಾಕಿಕೊಳ್ಳಲು ನೋಡುತ್ತಾಳೆ, ಆಗುವುದಿಲ್ಲ, ಇನ್ನೂ ಬಂದಿಲ್ಲ, ತಡಿ, ತಡಿಯಪ್ಪ — ತಿರುಗಿದ, ಹಾಸಿನ ಮೇಲೆ ನಡೆದು ಹೋಗುತ್ತಿದ್ದಾನೆ, ಬೂದು ಕಾಲುಚೀಲ, ಎರಡು ಹಿಮ್ಮಡಿ, ಒಂದಕ್ಕೆ ಆ ದಾರದ ತುಂಡು ಅಂಟಿಕೊಂಡಿದೆ, ಕಪ್ಪು ಬಿಳಿ, ಎಳೆದುಕೊಂಡು ಹೋಗುತ್ತಿದೆ, ಎರಡು ಹಿಮ್ಮಡಿ, ಎರಡು ಹಿಮ್ಮಡಿ