ಖಾಯಂ ಅಧಿಕಾರಿಯ ಸಹಿ

ಪರೀಕ್ಷೆ ಕೆಟ್ಟಿದ್ದು ಹೊಳಲ್ಕೆರೆಯಲ್ಲಿ, ಬೈಗುಳ ಬಿದ್ದದ್ದು ಚಿತ್ರದುರ್ಗದಲ್ಲಿದ್ದ ಯಮುನಾಳಿಗೆ. ದಸರೆ ಮುಗಿದ ಸೋಮವಾರ ಬೆಳಿಗ್ಗೆ ಅರವತ್ತು ಜನ ಹೊರಗಿನವರು ನಡೆಸುವ ಆನ್‌ಲೈನ್ ಪರೀಕ್ಷೆಗೆಂದು ಹೊಳಲ್ಕೆರೆ ಕಾಲೇಜಿನ ಲ್ಯಾಬಿಗೆ ಬಂದು ಕೂತಿದ್ದರು. ಮೂವತ್ತೆಂಟು ಕಂಪ್ಯೂಟರ್‌ಗಳಲ್ಲಿ ಪ್ರಶ್ನೆಪತ್ರಿಕೆಯೇ ತೆರೆಯಲಿಲ್ಲ. ಹನ್ನೊಂದು ಗಂಟೆಗೆ ಪರೀಕ್ಷೆ ರದ್ದಾಯಿತು. ತುರುವನೂರಿನಿಂದ ಎರಡು ಬಸ್ಸು ಬದಲಿಸಿ ಬಂದ ಒಬ್ಬ ಹೆಣ್ಣುಮಗಳು ಹಾಲುಗೂಸನ್ನು ಗೇಟಿನ ಹೊರಗೆ ತಾಯಿಯ ಕೈಯಲ್ಲಿ ಬಿಟ್ಟು ಒಳಗೆ ಹೋಗಿದ್ದಳಂತೆ, ಅಳುತ್ತಾ ಹಿಂದಿರುಗಿದಳಂತೆ. ಅದನ್ನು ಫೋನಿನಲ್ಲಿ ಕೇಳಿದ ಯಮುನಾ ಬ್ಯಾಗು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಕಾಲೇಜು ನಡೆಸುವ ಸಂಸ್ಥೆಯ ಕಾರ್ಯದರ್ಶಿ ಚಿತ್ರಲಿಂಗಪ್ಪನವರ ಫೋನು ಬಂತು.

"ನಿನ್ನ ಆಟೋಮ್ಯಾಟಿಕ್ ನಂಬರಿನ ಮನೆ ಹಾಳಾಗ. ಮೊದ್ಲಿನಂಗೆ ಕೈಲಿ ಬರ್ಕಂಡಿದ್ರೆ ಇಂಥದ್ದು ಆಗ್ತಿತ್ತಾ? ಹೋಗಿ ಏನಂತ ನೋಡು."

ಮೊದಲು ಹೇಗಿತ್ತೆಂಬುದು ಅವರಿಗೆ ಮರೆತಿತ್ತು, ಯಮುನಾಳಿಗೆ ಮರೆತಿರಲಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಹೀಗೆ ನಾಲ್ಕು ಊರಿನಲ್ಲಿ ಆ ಸಂಸ್ಥೆಯ ಕಾಲೇಜುಗಳಿವೆ. ಆರು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ ನೆಟ್‌ವರ್ಕಿನಲ್ಲಿ ಯಾವ ಕಂಪ್ಯೂಟರ್‌ಗೆ ಯಾವ ವಿಳಾಸದ ನಂಬರ್ ಎಂಬುದು ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿತ್ತು. ಅದರ ಮೇಲೆ ಯಾರೋ ಚಹಾ ಚೆಲ್ಲಿದ್ದರು. ಗ್ರಂಥಾಲಯದ ಕಂಪ್ಯೂಟರ್‌ಗೂ ಆಫೀಸಿನ ಪ್ರಿಂಟರ್‌ಗೂ ಒಂದೇ ನಂಬರ್ ಬರೆದು, ಒಂದು ನಡೆದರೆ ಇನ್ನೊಂದು ನಿಲ್ಲುವಂತೆ ಮಾಡಿಟ್ಟಿದ್ದರು. ನಾಲ್ಕು ಊರನ್ನೂ ಒಂದೇ ಜಾಲಕ್ಕೆ ಸೇರಿಸಿ, ಊರಿಗೊಂದು ಸಾಲು ನಂಬರ್ ಇಟ್ಟು, ಅದನ್ನು ಹಂಚುವ ಕೆಲಸವನ್ನು ಸರ್ವರಿಗೆ ವಹಿಸಿದವಳು ಯಮುನಾ. ಕಂಪ್ಯೂಟರ್ ಚಾಲೂ ಆದ ತಕ್ಷಣ ತನಗೊಂದು ವಿಳಾಸ ಬೇಕೆಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗು ಹಾಕುತ್ತದೆ. ಸರ್ವರ್ ಪಟ್ಟಿ ನೋಡಿ ಖಾಲಿ ಇರುವ ನಂಬರ್ ಒಂದನ್ನು ಎಂಟು ಗಂಟೆಯ ಗುತ್ತಿಗೆಗೆ ಕೊಡುತ್ತದೆ. ಅರ್ಧ ಅವಧಿ ಕಳೆಯುತ್ತಲೇ ಕಂಪ್ಯೂಟರ್ ಮತ್ತೆ ಕೇಳುತ್ತದೆ, ಸರ್ವರ್ ಚಕಾರ ಎತ್ತದೆ ಮುಂದುವರಿಸುತ್ತದೆ.

ಯಮುನಾಳದೂ ಗುತ್ತಿಗೆಯ ಕೆಲಸವೇ. ಆದರೆ ಅದನ್ನು ಮುಂದುವರಿಸಬೇಕಾದರೆ ಪ್ರತಿ ಜೂನ್‌ನಲ್ಲೂ ಚಿತ್ರಲಿಂಗಪ್ಪನವರ ಬಾಗಿಲಲ್ಲಿ ಮೂರು ದಿನ ನಿಲ್ಲಬೇಕು. ಖಾಯಂ ಮಾಡಿಕೊಡಿ ಎಂದು ಅವಳು ಆರು ಸಲ ಅರ್ಜಿ ಕೊಟ್ಟಿದ್ದಳು. "ನೀನು ಟೆಂಪರವರಿ ಕಣಮ್ಮ, ಸ್ವಲ್ಪ ತಡ್ಕ" ಎಂದು ಆರು ಸಲವೂ ಅವರು ನಗುತ್ತಲೇ ಹೇಳಿದ್ದರು. ಖಾಯಂ ಆಗಿದ್ದವನು ಗಿರೀಶ, ಕಾರ್ಯದರ್ಶಿಯ ಅಳಿಯ. ಅವನ ಕೋಣೆಯ ಬಾಗಿಲಿಗೆ ನೆಟ್‌ವರ್ಕ್ ಮುಖ್ಯಸ್ಥ ಎಂದು ಹಿತ್ತಾಳೆಯ ಬೋರ್ಡು ಹೊಡೆದಿದ್ದರು. ಯಾರು ಏನು ಕೇಳಿದರೂ "ಯಮುನಾನ ಕೇಳ್ರಿ" ಎನ್ನುವುದು ಆ ಮುಖ್ಯಸ್ಥನ ದಿನದ ಕೆಲಸ.

ಮಧ್ಯಾಹ್ನದ ಹೊತ್ತಿಗೆ ಅವಳು ಹೊಳಲ್ಕೆರೆಯ ಲ್ಯಾಬಿನಲ್ಲಿದ್ದಳು. ಮೊದಲ ಕಂಪ್ಯೂಟರ್ ನೋಡಿದಾಗಲೇ ಅರ್ಧ ಗೊತ್ತಾಯಿತು. ಅವಳು ಇಟ್ಟ ನಂಬರ್‌ಗಳೆಲ್ಲ ಹತ್ತರಿಂದ ಶುರುವಾಗುತ್ತವೆ. ಇಲ್ಲಿದ್ದದ್ದು ನೂರ ತೊಂಬತ್ತೆರಡರಿಂದ. ಅಂದರೆ ಸರ್ವರ್ ಬಾಯಿ ತೆರೆಯುವ ಮೊದಲೇ ಬೇರೆ ಯಾರೋ ಈ ಕಟ್ಟಡದೊಳಗೆ ಕೂತು ತಮಗೆ ತೋಚಿದ ವಿಳಾಸ ಹಂಚುತ್ತಿದ್ದಾರೆ. ಮೊದಲು ಓಗೊಟ್ಟವರ ಮಾತನ್ನೇ ನಂಬುವುದು ಕಂಪ್ಯೂಟರ್‌ನ ಜಾಯಮಾನ. ಆ ಸುಳ್ಳು ವಿಳಾಸ ಹಿಡಿದ ಮೂವತ್ತೆಂಟಕ್ಕೂ ಪ್ರಶ್ನೆಪತ್ರಿಕೆಯ ದಾರಿಯೇ ಸಿಕ್ಕಿರಲಿಲ್ಲ. ಯಮುನಾ ವೈರುಗಳ ಜಾಡು ಹಿಡಿದು ಹೋಗಿ ಬೀರುವಿನ ಪಕ್ಕ ಬಗ್ಗಿ ನೋಡಿದಳು. ಎರಡು ವರ್ಷದ ಹಿಂದೆ ತಾನೇ ಕಿತ್ತು ಮೂಲೆಗೆ ಹಾಕಿದ್ದ ಹಳೆಯ ವೈಫೈ ಡಬ್ಬಿ ಅಲ್ಲಿತ್ತು. ಹಣೆಗೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ, ತಲೆಯ ಮೇಲೆ ಬಾಡಿದ ಸೇವಂತಿಗೆ, ಹಸಿರು ದೀಪ ಪಿಳಿಪಿಳಿ ಎನ್ನುತ್ತಿತ್ತು.

ಅವಳು ಅಟೆಂಡರ್ ಮಂಜಣ್ಣನನ್ನು ಕರೆದಳು. ಅವನು ಆ ಕಾಲೇಜಿನಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು.

"ಮಂಜಣ್ಣ, ಇದನ್ನ ಯಾರು ಚಾಲೂ ಮಾಡಿದ್ದು?"

"ನಾನೇ ಕಣಮ್ಮ. ಆಯುಧಪೂಜೆ ದಿನ ಎಲ್ಲಾ ಮಿಷಿನ್ನೂ ಒರೆಸಿ ಪೂಜೆ ಮಾಡಿದ್ವಿ. ಇದೊಂದು ಮೂಲೇಲಿ ಬಿದ್ದಿತ್ತು, ಪಾಪ ಅನ್ನಿಸ್ತು. ಪೂಜೆ ಆದ್ಮೇಲೆ ಚಾಲೂ ಮಾಡ್ದೆ ಹಂಗೇ ಬಿಡಾಕಾಗ್ತೈತಾ? ಗೋಡೇಲಿ ಒಂದು ತೂತು ಖಾಲಿ ಇತ್ತು, ವೈರು ಸಿಗಿಸ್ದೆ. ದೀಪ ಹತ್ಕಂತು." ಮಂಜಣ್ಣ ಅವಳ ಮುಖ ನೋಡಿದ. "ನನ್ನಿಂದೇನಾರ ತಪ್ಪಾತೇನಮ್ಮ?"

"ನೀವು ಸಿಗಿಸಿದ್ರೂ ಅದು ಬಾಯಿ ಬಿಡಬಾರದಿತ್ತು ಮಂಜಣ್ಣ. ಅದಕ್ಕಂತ್ಲೇ ನಾನು ಕಾವಲು ಹಾಕಿದ್ದೆ," ಎಂದು ಯಮುನಾ ವೈರನ್ನು ಕಿತ್ತಳು.

ಕಾವಲು ಹಾಕಿದ್ದು ನಿಜ. ಹಿರಿಯೂರಿನ ಕಡೆಯ ಹಟ್ಟಿಯಲ್ಲಿ ಕುರಿ ಸಾಕುವ ಅವಳ ಅಪ್ಪ ತಿಮ್ಮರಾಯಪ್ಪ, ಕುರಿ ಕೂಡುವ ರೊಪ್ಪದ ಬಾಯಿಗೆ ಮುಳ್ಳು ಅಡ್ಡ ಎಳೆಯದೆ ಒಂದು ದಿನವೂ ಊಟಕ್ಕೆ ಕೂತವನಲ್ಲ. ಮಗಳೂ ಅದೇ ಪೈಕಿ. ವೈರುಗಳೆಲ್ಲ ಬಂದು ಸೇರುವ ಸ್ವಿಚ್ಚಿನಲ್ಲಿ, ಸರ್ವರ್ ಬಿಟ್ಟು ಬೇರೆ ಯಾವ ತೂತಿನಿಂದ ವಿಳಾಸ ಹಂಚಲು ಹೊರಟರೂ ಅಲ್ಲೇ ತಡೆಯುವಂತೆ ಅವಳು ಆಜ್ಞೆ ಬರೆದಿಟ್ಟಿದ್ದಳು. ಈಗ ನೋಡಿದರೆ ಆ ಆಜ್ಞೆಯೇ ಇಲ್ಲ. ಸ್ವಿಚ್ಚಿನ ದಾಖಲೆ ತೆಗೆದಳು. ಆಗಸ್ಟ್ ಹದಿನಾಲ್ಕು, ಸಂಜೆ ಆರು ನಲವತ್ತಕ್ಕೆ ಕಾವಲು ರದ್ದಾಗಿದೆ. ರದ್ದು ಮಾಡಿದವರ ಹೆಸರು ಗಿರೀಶ್.

ಆ ಸಂಜೆ ಅವಳಿಗೆ ನೆನಪಾಯಿತು. ಹೊಳಲ್ಕೆರೆ ಕಾಲೇಜಿನ ಅತಿಥಿ ಕೋಣೆಯಲ್ಲಿ ಇಳಿದಿದ್ದ ಗಿರೀಶ ಮನೆಯಿಂದ ಸ್ವಂತ ವೈಫೈ ಡಬ್ಬಿ ತಂದು ಸಿಗಿಸಿಕೊಂಡು, ಟಿವಿಯಲ್ಲಿ ಕ್ರಿಕೆಟ್ ಬರುತ್ತಿಲ್ಲ ಎಂದು ಫೋನ್ ಮಾಡಿದ್ದ. ಕಾವಲಿದೆ ಸರ್, ಅದನ್ನು ಮುಟ್ಟಬೇಡಿ ಎಂದು ಅವಳು ಹೇಳಿದ್ದಳು. ಯಾವುದನ್ನು ತೆಗೆಯಬೇಕೆಂದು ಅವಳೇ ಹೇಳಿಕೊಟ್ಟಂತಾಗಿತ್ತು ಅಷ್ಟೆ. ಒಬ್ಬನ ಒಂದು ಸಂಜೆಯ ಆಟಕ್ಕೆ ಅರವತ್ತು ಜನರ ಓದು ಮಣ್ಣು ಪಾಲಾಯಿತಲ್ಲ ಎಂದುಕೊಂಡಳು. ದಾಖಲೆಯನ್ನು ಅಚ್ಚು ಹಾಕಿಸಿಕೊಂಡು, ನಡೆದದ್ದನ್ನೆಲ್ಲ ಚಿತ್ರಲಿಂಗಪ್ಪನವರಿಗೆ ಫೋನಿನಲ್ಲಿ ಒಂದೂ ಬಿಡದೆ ಹೇಳಿ ಬಸ್ಸು ಹತ್ತಿದಳು.

ಮಾರನೆಯ ದಿನ ಕಾರ್ಯದರ್ಶಿಯ ಕೋಣೆಯಲ್ಲಿ ವರದಿ ಸಿದ್ಧವಾಗಿತ್ತು. ಅವಳು ಹೇಳಿದ್ದರಲ್ಲಿ ಅರ್ಧ ಮಾತ್ರ ಅದಕ್ಕೆ ಇಳಿದಿತ್ತು. ಅಟೆಂಡರ್ ಮಂಜಣ್ಣನ ಬೇಜವಾಬ್ದಾರಿಯಿಂದ ಪರೀಕ್ಷೆ ರದ್ದಾಯಿತು, ಅವನನ್ನು ಕೆಲಸದಿಂದ ತೆಗೆಯಲಾಗಿದೆ. ಕಾವಲಿನ ಸುದ್ದಿ ಇಲ್ಲ, ಆಗಸ್ಟಿನ ಸುದ್ದಿ ಇಲ್ಲ. ಗಿರೀಶ ಪಕ್ಕದ ಕುರ್ಚಿಯಲ್ಲಿ ಕೂತು ಫ್ಯಾನು ನೋಡುತ್ತಿದ್ದ.

"ಕುಂತ್ಕ ಯಮುನಾ," ಎಂದರು ಚಿತ್ರಲಿಂಗಪ್ಪ. "ಇಲ್ಲೊಂದು ಸಹಿ ಹಾಕು. ಗುರುವಾರ ಪರೀಕ್ಷೆ ನಡೆಸೋರು ತನಿಖೆಗೆ ಬರ್ತಾರೆ. ಸಹಿ ಹಾಕ್ದೋರ್ನೇ ಕೂರಿಸ್ಕಂಡು ಕೇಳ್ತಾರಂತೆ. ಇವನಿಗೆ ಅದೆಲ್ಲ ಹೇಳಾಕೆ ಬರಲ್ಲ."

ಸಹಿಯ ಜಾಗದ ಕೆಳಗೆ ಪರೀಕ್ಷೆ ನಡೆಸುವವರೇ ಅಚ್ಚು ಹಾಕಿಸಿದ ಸಾಲಿತ್ತು: ನೆಟ್‌ವರ್ಕ್‌ನ ಹೊಣೆ ಹೊತ್ತ ಖಾಯಂ ಅಧಿಕಾರಿ.

"ನಾನು ಖಾಯಂ ಅಲ್ವಲ್ಲ ಸರ್."

"ಅದಕ್ಕೇ ಇದು." ಅವರು ಡ್ರಾಯರಿನಿಂದ ಇನ್ನೊಂದು ಹಾಳೆ ತೆಗೆದು ಅವಳ ಮುಂದೆ ಸರಿಸಿದರು. ಖಾಯಂ ನೇಮಕದ ಆದೇಶ. ಅವಳ ಹೆಸರು, ಅವಳ ಅಪ್ಪನ ಹೆಸರು, ಮೊಹರು. ತಾರೀಕು ಮಾತ್ರ ಹಬ್ಬಕ್ಕಿಂತ ಹಿಂದಿನದು. "ಹಿಂದ್ಲಿಂದ್ಲೇ ಖಾಯಂ ಆದಂಗೆ ಆತು. ತಗಾ, ಆರು ವರ್ಷದಿಂದ ಕೇಳ್ತಿದ್ದಲ್ಲ."

ಹಾಳೆಯ ಮೇಲೆ ಬೆರಳಿಟ್ಟು ಅವಳು ತನ್ನ ಹೆಸರನ್ನು ಇನ್ನೊಮ್ಮೆ ಓದಿದಳು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಈ ಒಂದು ಕಾಗದಕ್ಕಾಗಿ ಅವಳು ಹಬ್ಬ ಬಿಟ್ಟಿದ್ದಳು, ಜ್ವರ ಮೈಮೇಲಿಟ್ಟುಕೊಂಡು ಹೊಸದುರ್ಗದ ಬಸ್ಸು ಹತ್ತಿದ್ದಳು. ಜೂನ್ ಬಂತೆಂದರೆ ಅವಳಿಗಿಂತ ಮೊದಲು ಅವಳ ಅವ್ವ ಓಬಕ್ಕನಿಗೆ ನಿದ್ದೆ ಹಾರಿಹೋಗುತ್ತಿತ್ತು. ಆದರೆ ಆರು ವರ್ಷದ ದುಡಿಮೆಗೆ ಹುಟ್ಟದ ಕಾಗದ ಒಂದು ಸುಳ್ಳಿಗೆ ಅರ್ಧ ದಿನದಲ್ಲಿ ಹುಟ್ಟಿ ಬಂದಿತ್ತು. ಹಾಗಾದರೆ ಮನಸ್ಸು ಮಾಡಿದ್ದರೆ ಇವರು ಯಾವತ್ತು ಬೇಕಾದರೂ ಕೊಡಬಹುದಿತ್ತು. ಅವಳಿಗೆ ಅಳು ಬರಲಿಲ್ಲ, ರೋಷ ಬಂತು.

"ಮಂಜಣ್ಣನ ಗತಿ ಏನು ಸರ್?"

"ಅವನಿಗಿನ್ನೇನು, ರಿಟೈರ್ ಆಗಾಕೆ ಎರಡು ವರ್ಷ ಐತೆ. ಅವನ ಗೊಡವೆ ನಿಂಗ್ಯಾಕೆ?"

ಯಮುನಾ ಆದೇಶವನ್ನು ಹಾಗೇ ತಿರುಗಿಸಿ ಅವರ ಕಡೆಗೆ ಸರಿಸಿದಳು. ಬ್ಯಾಗಿನಿಂದ ದಾಖಲೆಯ ಹಾಳೆ ತೆಗೆದು ಅದರ ಮೇಲಿಟ್ಟಳು.

"ಮಂಜಣ್ಣ ಪೂಜೆ ಮಾಡಿದ್ರು ಸರ್, ಅಷ್ಟೆ. ಕಾವಲು ತೆಗೆದಿದ್ದು ಇವ್ರು. ತಾರೀಕು, ಟೈಮು, ಹೆಸರು ಎಲ್ಲಾ ಐತೆ, ನೋಡ್ರಿ. ಗುರುವಾರ ಬರೋರು ಮೊದ್ಲು ಕೇಳೋದು ಇದನ್ನೇ."

"ಯಾವುದೋ ಒಂದು ಬಟನ್ ಒತ್ತಿದ್ದೆ ಮಾವ," ಎಂದ ಗಿರೀಶ. "ಅದು ಇದೇ ಅಂತ ನಂಗೇನು ಗೊತ್ತು?"

ಚಿತ್ರಲಿಂಗಪ್ಪ ಹಾಳೆಯನ್ನು ಓದಲಿಲ್ಲ, ಅಳಿಯನ ಮುಖವನ್ನೂ ನೋಡಲಿಲ್ಲ. "ಒಳ್ಳೆ ಮಾತಲ್ಲಿ ಹೇಳ್ತೀನಿ. ಆದೇಶ ತಗಂಡು ಸಹಿ ಹಾಕು."

"ಜೂನ್ ಜೂನಿಗೂ ನೀವೇ ಹೇಳಿದ್ರಿ ಸರ್, ನೀನು ಟೆಂಪರವರಿ ಕಣಮ್ಮ ಅಂತ. ಟೆಂಪರವರಿಯೋರ ಸಹಿ ಇಲ್ಲಿ ನಡೆಯಲ್ಲ." ಅವಳು ಮೇಜಿನ ಮೇಲಿದ್ದ ಪೆನ್ನು ತೆಗೆದು ಗಿರೀಶನ ಮುಂದಿಟ್ಟಳು. "ಬಾಗಿಲಿಗೆ ಬೋರ್ಡು ಇರೋದು ಇವರ ಹೆಸರಲ್ಲಿ. ಇವರೇ ಹಾಕ್ಲಿ."

ಗಿರೀಶ ಪೆನ್ನು ಮುಟ್ಟಲಿಲ್ಲ.

"ಜೂನ್ ಬರ್ಲಿ," ಎಂದರು ಚಿತ್ರಲಿಂಗಪ್ಪ ಹಲ್ಲು ಕಚ್ಚಿ. "ಆವಾಗ ನೋಡ್ಕಂತೀನಿ."

"ನೋಡ್ಕಳ್ರಿ ಸರ್. ಜೂನಿಗೆ ಇನ್ನೂ ಎಂಟು ತಿಂಗಳು ಐತೆ, ಅಲ್ಲೀವರೆಗೆ ನಾಲ್ಕೂ ಊರಿನ ನೆಟ್‌ವರ್ಕ್ ನಾನೇ ನೋಡ್ಕಬೇಕಲ್ಲ." ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು. "ಹೊಳಲ್ಕೆರೆಗೆ ಕಾವಲು ನಿನ್ನೇನೇ ವಾಪಸ್ ಹಾಕೀನಿ. ಗಿರೀಶ್ ಸರ್ ಪಾಸ್‌ವರ್ಡು ಇನ್ಮೇಲೆ ನಡೆಯಲ್ಲ."