ಅಪ್ಪನ ಹೆಸರಿನ ಅಗಲ

ಮದುವೆ ವಿಡಿಯೊಗಳಿಗೆ ಹೆಸರಿನ ಫಲಕ ಮಾಡಿ ಮಾಡಿ ವೆನಿಂಗ್‌ಗೆ ಸಾಕುಸಾಕಾಗಿತ್ತು. ಸೋಲೊ ಎಂಬ ಊರಿನ ಪೇಟೆಯ ಸಣ್ಣ ಸ್ಟುಡಿಯೊದಲ್ಲಿ ಕೂತು ಅವಳು ಟೈಟಲ್ ಟೆಂಪ್ಲೇಟ್‌ಗಳನ್ನು ಮಾಡುತ್ತಿದ್ದಳು. ಎಡಿಟ್ ಮಾಡುವವರು ಹೆಸರು ಬರೆದರೆ ಸಾಕು, ಚಿನ್ನದ ಬಳ್ಳಿ ತಾನೇ ಸುತ್ತಿಕೊಳ್ಳಬೇಕು, ಬಣ್ಣ ಕೇಳಿದಂತೆ ಬದಲಾಗಬೇಕು, ಹೆಸರು ಎಷ್ಟೇ ಉದ್ದವಿದ್ದರೂ ಪರದೆಯಿಂದಾಚೆ ಹೋಗಬಾರದು. ತಂದೆತಾಯಿಯರ ಹೆಸರಿನ ಪಕ್ಕದಲ್ಲಿ ಒಂದು ಚೌಕ. ಅದಕ್ಕೆ ಗುರುತು ಹಾಕಿದರೆ ಹೆಸರಿನ ಮುಂದೆ ‘ದಿವಂಗತ’ ಎಂದು ಮೂಡುತ್ತದೆ. ಸತ್ತವರೆಂದು ಹೆತ್ತವರ ಹೆಸರು ಬಿಡುವಂತಿಲ್ಲ, ಬದುಕಿದ್ದಾರೆ ಅನ್ನಿಸುವಂತೆ ಬರೆಯುವ ಹಾಗೂ ಇಲ್ಲ.

ಟೆಂಪ್ಲೇಟ್ ಪರೀಕ್ಷಿಸಲು ಅವಳು ಬರೆಯುತ್ತಿದ್ದುದು ಅಪ್ಪನ ಹೆಸರನ್ನೇ. ಸುಪ್ರಾಪ್ತೊ ವಿರ್ಯೊಹಾದಿಸುಮಾರ್ತೊ. ಈ ಹೆಸರು ಹಿಡಿಸಿದರೆ ಊರಿನ ಯಾವ ಹೆಸರಾದರೂ ಹಿಡಿಸುತ್ತದೆ. ರೈಲ್ವೆಯಿಂದ ನಿವೃತ್ತನಾದ ಮೇಲೆ ಅಪ್ಪ ಬಾಳೆಲೆಯಲ್ಲಿ ಅನ್ನ, ಕರಿದ ಸೋಯಾ ತೆಂಪೆ ಕಟ್ಟಿಸಿಕೊಂಡು ಮಧ್ಯಾಹ್ನ ಅಲ್ಲಿಗೇ ಬರುತ್ತಿದ್ದ. ಮಗಳು ಗುರುತು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ನೋಡಿ ನಗುತ್ತಿದ್ದ.

“ಬೆಳಗ್ಗಿಂದ ಎಷ್ಟು ಸಲ ಸಾಯ್ಸಿದೀಯೇ ನನ್ನ? ಸಾಯ್ಸು, ಪರವಾಗಿಲ್ಲ. ಏಳೋ ಮುಂಚೆ ಮಾತ್ರ ಮರೀದೆ ಬದುಕ್ಸಿ ಏಳು.”

ಅವಳು ಗುರುತು ತೆಗೆದೇ ಏಳುತ್ತಿದ್ದಳು. ಹೋದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ ಮೇಲೂ ಆ ಅಭ್ಯಾಸ ಹೋಗಲಿಲ್ಲ.

ಈಗ ತಂಗಿ ತ್ಯಾಸ್‌ಳ ಮದುವೆ. ಊಟದ ಹೊತ್ತಿಗೆ ತೋರಿಸುವ ವಿಡಿಯೊಗೆ ಫಲಕ ಅಕ್ಕನದೇ. ಗುರುತು ಹಾಕಬೇಡ, ಅದೊಂದು ದಿನ ಅಪ್ಪ ಇದ್ದಂತೆಯೇ ಇರಲಿ ಎಂದು ತ್ಯಾಸ್ ಫೋನಿನಲ್ಲಿ ಗೋಗರೆದಳು. ವೆನಿಂಗ್‌ಗೂ ಬೇಕಾಗಿದ್ದುದು ಅದೇ. ಆದರೂ ಮನಸ್ಸು ಗಟ್ಟಿ ಮಾಡಿಕೊಂಡಳು.

“ಅಪ್ಪನ ಜಾಗದಲ್ಲಿ ಕೂತು ಮದುವೆ ಮಾಡಿಕೊಡೋದು ಚಿಕ್ಕಪ್ಪ ಕಣೇ. ಅಪ್ಪ ಬದುಕಿದ್ದೂ ಮಗಳ ಮದುವೆಗೆ ಬರ್ಲಿಲ್ಲ ಅಂದ್ಕೊಳ್ಳಲ್ವಾ ಜನ?”

ತ್ಯಾಸ್ ಫೋನಿಟ್ಟಳು.

ವೆನಿಂಗ್ ಗುರುತು ಹಾಕಿದಳು. ‘ದಿವಂಗತ’ ಬಂದು ಕೂತಿತು, ಅದಕ್ಕೆ ಜಾಗ ಬಿಟ್ಟುಕೊಟ್ಟು ಅಪ್ಪನ ಹೆಸರು ಮುದುಡಿಕೊಂಡಿತು. ಅಂಚು ತಾಗಿದರೆ ಅಕ್ಷರ ಸಣ್ಣದಾಗಲಿ ಎಂದು ನಿಯಮ ಹಾಕಿದವಳು ಅವಳೇ. ಇಷ್ಟು ವರ್ಷ ಅದನ್ನು ನೋಡಿ, ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಖುಷಿಪಟ್ಟಿದ್ದಳು. ಪಕ್ಕದಲ್ಲಿ ಬೀಗರ ಹೆಸರು, ತೋಹಾ, ಹೊಟ್ಟೆ ತುಂಬ ಉಂಡವರಂತೆ ದಪ್ಪಗೆ ನಿಂತಿತ್ತು. ಎಷ್ಟು ಮನೆಗಳ ಸತ್ತವರನ್ನು ಹೀಗೆ ಕುಗ್ಗಿಸಿದ್ದೇನೋ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ನಿಯಮ ಬದಲಿಸಬೇಕು ಎಂದಾಗ ಮಾಲೀಕ ಹಂದೋಕೊ ತಲೆ ಚಚ್ಚಿಕೊಂಡ. ಬೇರೆ ಮದುವೆಗಳ ಕೆಲಸ ರಾಶಿ ಬಿದ್ದಿದೆ, ಇದನ್ನು ಬಿಚ್ಚಿದರೆ ಎಲ್ಲ ಕಳಚಿಕೊಳ್ಳುತ್ತದೆ ಎಂದ.

“ಸತ್ತೋರ ಹೆಸ್ರು ಯಾರಮ್ಮ ನೋಡ್ತಾರೆ? ಎಲ್ಲಾರೂ ಹುಡುಗೀನ ನೋಡ್ತಾರೆ.”

“ನೋಡೋರು ಒಬ್ರಿದಾರೆ, ಪಾಕ್ ಹಂದೋಕೊ. ನಮ್ಮಮ್ಮ.”

ಅವನು ಸಾಯಂಕಾಲದವರೆಗೆ ಟೈಮಿದೆ ಎಂದಷ್ಟೇ ಹೇಳಿ ಹೋದ.

ಅವನು ಹೇಳಿದಂತೆಯೇ ಆಯಿತು. ಬಳ್ಳಿ ಒಂದು ಕಡೆ ಜಾರಿತು, ಬಣ್ಣ ಕೈಕೊಟ್ಟಿತು, ಹೆಸರುಗಳು ಒಂದರ ಮೇಲೊಂದು ಬಿದ್ದವು. ಕಣ್ಣು ಉರಿಯುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು. ಇದನ್ನೆಲ್ಲ ಬಿಟ್ಟು ಎಲ್ಲಾದರೂ ಹೋಗಿ ಮಲಗಿಬಿಡೋಣ ಅನ್ನಿಸಿತು. ಆದರೂ ಒಂದೊಂದನ್ನೇ ಮತ್ತೆ ಪೋಣಿಸಿದಳು. ‘ದಿವಂಗತ’ ಇನ್ನು ಮೇಲಿನ ಸಾಲಿನಲ್ಲಿ ಸಣ್ಣದಾಗಿ ಬರುತ್ತದೆ. ಹೆಸರಿನ ತಂಟೆಗೆ ಬರುವುದಿಲ್ಲ.

ಗುರುತು ಹಾಕಿ ನೋಡಿದಳು. ಅಪ್ಪನ ಹೆಸರು ಕೂದಲೆಳೆಯಷ್ಟೂ ಕುಗ್ಗಲಿಲ್ಲ. ಅಳು ಬಂತು, ತಡೆಯಲಿಲ್ಲ.

ಎಲ್ಲ ಉಳಿಸಿ ಏಳುವಾಗ, ಅಭ್ಯಾಸಬಲದಿಂದ ಕೈ ಚೌಕದತ್ತ ಹೋಯಿತು. ವೆನಿಂಗ್ ಕೈ ಹಿಂದಕ್ಕೆ ತೆಗೆದುಕೊಂಡಳು. ಗುರುತನ್ನು ಹಾಗೆಯೇ ಬಿಟ್ಟು ಎದ್ದಳು.